ಕಾರಿನ ಆಯಿಲ್ ನಾವೇ ಬದಲಿಸಬಹುದೇ? ತೋಟದ ಮನೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲೂಕಿನ ಕಾಫಿ ತೋಟದ ಮನೆ. 2015ರ ಸ್ವಿಫ್ಟ್ ಪೆಟ್ರೋಲ್ ಕಾರಿದೆ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಓಡಬಹುದು, ಅದರಲ್ಲಿ ಹೆಚ್ಚಿನದು ಮನೆಯಿಂದ ಪೇಟೆಗೆ ಐದು ಕಿಲೋಮೀಟರ್ ಓಡಾಟ. ಸರ್ವೀಸಿಗೆ ಹಾಸನಕ್ಕೆ ಹೋದರೆ ಒಂದು ದಿನ ಕೆಡುತ್ತದೆ, ಬಿಲ್ಲು ಪ್ರತಿ ಸಲವೂ ಏರುತ್ತಿದೆ. ಆಯಿಲ್ ನಾನೇ ಬದಲಿಸಿದರೆ ಎಷ್ಟು ಉಳಿಯುತ್ತದೆ? ಏನಾದರೂ ಕೆಟ್ಟುಹೋಗುವ ಭಯವಿದೆಯೇ?

ಉತ್ತರ: ಬದಲಿಸಬಹುದು. ವಾರಂಟಿ ಮುಗಿದ, ಸರಳವಾದ ಪೆಟ್ರೋಲ್ ಎಂಜಿನ್ ನಿಮ್ಮದು. ಕೆಲಸ ಕಲಿಯಲು ಇದಕ್ಕಿಂತ ಸುಲಭದ ಕಾರು ಸಿಗುವುದು ಕಷ್ಟ. ಆದರೆ ದುಡ್ಡು ಉಳಿಸಲೆಂದೇ ಹೊರಟಿದ್ದರೆ ಲೆಕ್ಕ ಕೂಡಿಬರುವುದಿಲ್ಲ. ಆಯಿಲ್, ಫಿಲ್ಟರ್, ವಾಷರ್ ಇವುಗಳ ಬೆಲೆಯನ್ನು ಮನೆಯಲ್ಲಿ ಮಾಡಿದರೂ ಕೊಡಬೇಕು, ಗ್ಯಾರೇಜಿನಲ್ಲಿ ಮಾಡಿಸಿದರೂ ಕೊಡಬೇಕು. ಉಳಿಯುವುದು ಕೂಲಿ ಮಾತ್ರ, ಅದೂ ಕೆಲವು ನೂರು ರೂಪಾಯಿ. ಮೊದಲ ಸಲ ರ‍್ಯಾಂಪ್, ಸ್ಪ್ಯಾನರ್, ಟ್ರೇ ಎಂದು ಕೊಳ್ಳುವ ಸಾಮಾನಿನ ಖರ್ಚು ಹುಟ್ಟಲು ಮೂರ್ನಾಲ್ಕು ವರ್ಷವಾದರೂ ಬೇಕು. ಬಿಲ್ಲು ಏರುತ್ತಿರುವುದು ಆಯಿಲ್‌ನಿಂದಲ್ಲ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಎಂಜಿನ್ ಫ್ಲಶ್, ಎಂಜಿನ್ ಕೋಟಿಂಗ್, ಎಸಿ ಟ್ರೀಟ್‌ಮೆಂಟ್, ಅಂಡರ್‌ಬಾಡಿ ಕೋಟಿಂಗ್ ಎಂಬ ಸಾಲುಗಳು ಬಿಲ್ಲಿನಲ್ಲಿದ್ದರೆ ಅವನ್ನು ಬೇಡವೆನ್ನಲು ನೀವು ಸ್ಪ್ಯಾನರ್ ಹಿಡಿಯಬೇಕಾಗಿಲ್ಲ, ಬಾಯಿ ಬಿಟ್ಟರೆ ಸಾಕು.

ಮನೆಯಲ್ಲಿ ಮಾಡುವುದರ ನಿಜವಾದ ಲಾಭ ಬೇರೆ. ಯಾವ ಗ್ರೇಡಿನ ಆಯಿಲ್ ಬಿತ್ತು, ಎಷ್ಟು ಬಿತ್ತು, ಫಿಲ್ಟರ್ ನಿಜಕ್ಕೂ ಹೊಸದೇ, ಬೋಲ್ಟ್ ಎಷ್ಟು ಬಿಗಿಯಾಯಿತು ಎಂಬುದೆಲ್ಲ ನಿಮ್ಮ ಕಣ್ಣೆದುರಿಗೇ ಇರುತ್ತದೆ. ನಷ್ಟವೂ ಒಂದಿದೆ. ಕಾರನ್ನು ಲಿಫ್ಟಿಗೆ ಏರಿಸಿದಾಗ ಒಳ್ಳೆಯ ಮೆಕ್ಯಾನಿಕ್ ಆಯಿಲ್ ಇಳಿಯುವ ಹತ್ತು ನಿಮಿಷದಲ್ಲಿ ಆಕ್ಸಲ್ ಬೂಟ್ ಹರಿದಿದೆಯೇ, ಬಾಲ್ ಜಾಯಿಂಟ್ ಆಡುತ್ತಿದೆಯೇ, ಬ್ರೇಕ್ ಹೋಸ್ ಬಿರಿದಿದೆಯೇ, ಪ್ಯಾಡ್ ಎಷ್ಟು ಉಳಿದಿದೆ ಎಂದು ನೋಡಿಬಿಡುತ್ತಾನೆ. ಶಿರಾಡಿ ಘಾಟಿ ಇಳಿಯುವ ಕಾರಿಗೆ ಈ ನೋಟದ ಬೆಲೆ ಆಯಿಲ್‌ಗಿಂತ ಹೆಚ್ಚು. ಹಾಗಾಗಿ ನಮ್ಮ ಸಲಹೆ ಇಷ್ಟು: ನಿಮ್ಮ ಬಳಕೆಗೆ ವರ್ಷದಲ್ಲಿ ಎರಡು ಸಲ ಆಯಿಲ್ ಬದಲಿಸಬೇಕು, ಒಂದನ್ನು ಗ್ಯಾರೇಜಿನಲ್ಲಿ ಮಾಡಿಸಿ, ಇನ್ನೊಂದನ್ನು ಮನೆಯಲ್ಲಿ ಮಾಡಿ. ಮೇ ತಿಂಗಳಲ್ಲಿ, ಮೃಗಶಿರಾ ಮಳೆ ಹಿಡಿಯುವ ಮೊದಲು, ಗ್ಯಾರೇಜಿಗೆ ಒಯ್ದು ಬ್ರೇಕು, ವೈಪರು, ಟೈರು ಎಲ್ಲ ನೋಡಿಸಿ. ಮಳೆ ಮುಗಿದು ಕೊಯ್ಲು ಶುರುವಾಗುವುದರೊಳಗೆ, ಅಂದರೆ ಅಕ್ಟೋಬರ್ ಕೊನೆಯ ಹೊತ್ತಿಗೆ, ಮನೆಯಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿಕೊಳ್ಳಿ.

ವರ್ಷಕ್ಕೆ ಎರಡು ಸಲ ಯಾಕೆ? ಮಾರುತಿ ಕಂಪನಿಯ ಲೆಕ್ಕ ಸಾಮಾನ್ಯ ಬಳಕೆಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ. ಆದರೆ ಮ್ಯಾನ್ಯುಯಲ್‌ನಲ್ಲೇ ಕಠಿಣ ಬಳಕೆಗೆ ಬೇರೆ ಪಟ್ಟಿ ಇರುತ್ತದೆ, ಯಾರೂ ಆ ಪುಟ ತೆರೆಯುವುದಿಲ್ಲ ಅಷ್ಟೆ. ಪದೇ ಪದೇ ಚಿಕ್ಕ ದೂರದ ಓಡಾಟ, ಧೂಳಿನ ದಾರಿ, ಕೆಸರು ದಾರಿ ಇವೆಲ್ಲ ಆ ಪಟ್ಟಿಯವೇ. ನಿಮ್ಮ ಕಾರಿಗೆ ಬಹುತೇಕ ಎಲ್ಲವೂ ಅನ್ವಯಿಸುತ್ತವೆ. ಅಂಥ ಬಳಕೆಗೆ 5,000 ಕಿಲೋಮೀಟರ್ ಅಥವಾ ಆರು ತಿಂಗಳು ಎಂದಿಟ್ಟುಕೊಳ್ಳುವುದು ಒಳ್ಳೆಯದು.

ಐದು ಕಿಲೋಮೀಟರಿನ ಓಡಾಟ ಎಂಜಿನ್‌ಗೆ ಹಗುರವೆಂದು ಹಲವರ ಭಾವನೆ. ಎಂಜಿನ್‌ನ ಒಳಗೆ ನಡೆಯುವುದು ಇದಕ್ಕೆ ತದ್ವಿರುದ್ಧ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗೆ ಆಯಿಲ್ ಇರುವ ಕಡೆಗೆ ನುಸುಳುತ್ತದೆ, ಜೊತೆಗೆ ಉರಿಯದ ಪೆಟ್ರೋಲೂ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ, ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಮೂಲಕ ಹೊರಟುಹೋಗುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ನಿಮಗೆ ಕಾಣುವುದು ಎಂಜಿನ್ ತಣಿಸುವ ಕೂಲೆಂಟ್‌ನ ಬಿಸಿ. ಆಯಿಲ್ ಅಷ್ಟು ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಐದು ಕಿಲೋಮೀಟರಿನಲ್ಲಿ ಅದು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ತೇವದ ಗಾಳಿಯಲ್ಲಿ ಹೀಗೇ ನಡೆದರೆ ಆಯಿಲ್ ಹಾಕುವ ಮುಚ್ಚಳದ ಒಳಬದಿಗೆ ಬಿಳಿ ಕೆನೆಯಂಥದ್ದು ಕಟ್ಟುತ್ತದೆ.

ಆ ಕೆನೆ ಕಂಡ ಕೂಡಲೇ, ಆಯಿಲ್ ಮತ್ತು ಕೂಲೆಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಿಸುವವರಿದ್ದಾರೆ. ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿ. ಮುಚ್ಚಳದಲ್ಲಿ ಮಾತ್ರ ಕೆನೆಯಿದ್ದು ಡಿಪ್‌ಸ್ಟಿಕ್ಕಿನ ಆಯಿಲ್‌ನಲ್ಲಿ ಕೆನೆ ಇಲ್ಲದಿದ್ದರೆ, ಕೂಲೆಂಟ್ ಮಟ್ಟವೂ ಇಳಿಯದಿದ್ದರೆ, ಅದು ಬರೀ ತೇವ. ವಾರಕ್ಕೊಮ್ಮೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ, ಹಾಸನದ ಕಡೆಗೊಂದು ಸುತ್ತು ಹೋಗಿಬಂದರೆ, ಕಡಿಮೆಯಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆತ ಕಾಫಿಯಂಥ ಬಣ್ಣ ಬಂದು, ಕೂಲೆಂಟ್ ಟ್ಯಾಂಕ್ ಖಾಲಿಯಾಗುತ್ತಿದ್ದರೆ ಮಾತ್ರ ಗಾಡಿಯನ್ನು ನಿಲ್ಲಿಸಿ. ಅದನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆದೊಯ್ಯಿರಿ. ಇನ್ನು ಆಯಿಲ್ ಮಟ್ಟ ತಿಂಗಳಿಂದ ತಿಂಗಳಿಗೆ ಏರುತ್ತ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಆಯಿಲ್ ತೆಳುವಾಗಿದೆ ಎಂದರ್ಥ, ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ. ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತೆನ್ನಲಾಗದು. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ಈಗ ಸಾಮಾನು. ನಿಮ್ಮ 1.2 ಲೀಟರ್ ಕೆ-ಸೀರೀಸ್ ಎಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 3.1 ಲೀಟರ್ ಆಯಿಲ್ ಬೇಕು. 3.5 ಲೀಟರಿನ ಕ್ಯಾನ್ ಒಂದು ಸಾಕು, ಮಿಕ್ಕಿದ್ದು ಟಾಪ್‌ಅಪ್‌ಗೆ ಇರಲಿ. ಆ ಕಾಲದ ಈ ಎಂಜಿನ್‌ಗೆ ಸಾಮಾನ್ಯವಾಗಿ ಹಾಕುವುದು 5ಡಬ್ಲ್ಯೂ-30 ಎಂಬ ಗ್ರೇಡ್, ಅಂದರೆ ಆಯಿಲ್‌ನ ದಪ್ಪದ ಲೆಕ್ಕ. ಆದರೂ ನಿಮ್ಮ ಮ್ಯಾನ್ಯುಯಲ್‌ನಲ್ಲಿರುವುದೇ ಕೊನೆಯ ಮಾತು. ಕ್ಯಾನಿನ ಮೇಲೆ ಗುಣಮಟ್ಟ ಹೇಳುವ ಎಪಿಐ ಗುರುತು ಎಸ್ಎನ್ ಅಥವಾ ಎಸ್‌ಪಿ ಎಂದಿರಲಿ. ತೋಟದ ಮನೆಗಳಲ್ಲಿ ಟ್ರ್ಯಾಕ್ಟರಿಗೋ ಟಿಲ್ಲರಿಗೋ ತಂದ 15ಡಬ್ಲ್ಯೂ-40 ಡಬ್ಬ ಹೇಗೂ ಇರುತ್ತದೆ, ಅದನ್ನೇ ಕಾರಿಗೂ ಸುರಿಯುವ ಚಾಳಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ನಿಮ್ಮ ಎಂಜಿನ್‌ನಲ್ಲಿ ವಾಲ್ವ್‌ಗಳ ಸಮಯವನ್ನು ಹೊಂದಿಸುವ ವಿವಿಟಿ ಎಂಬ ವ್ಯವಸ್ಥೆ ಇದೆ. ಅದು ಆಯಿಲ್ ಒತ್ತಡದಿಂದಲೇ, ಸಣ್ಣ ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುತ್ತದೆ. ದಪ್ಪ ಆಯಿಲ್ ಬೆಳಗಿನ ಥಂಡಿಯಲ್ಲಿ ಮೇಲಿನವರೆಗೆ ಏರಲು ತಡಮಾಡುತ್ತದೆ, ಸ್ಟಾರ್ಟ್ ಮಾಡಿದಾಗ ಟಪ್ಪಿಟ್ ಸದ್ದು ಬರುತ್ತದೆ, ಮೈಲೇಜೂ ಇಳಿಯುತ್ತದೆ.

ಖೋಟಾ ಆಯಿಲ್ ಹಾವಳಿ ನಿಜವಾದದ್ದು. ಖಾಲಿ ಕ್ಯಾನುಗಳನ್ನು ಕೊಂಡು, ಅಗ್ಗದ ಎಣ್ಣೆ ತುಂಬಿ, ಮತ್ತೆ ಸೀಲ್ ಹಾಕಿ ಮಾರುವ ದಂಧೆ ಅದು. ಮುಚ್ಚಳದ ಕೆಳಗಿನ ಉಂಗುರ ಮುರಿಯದೆ ಇದೆಯೇ, ಒಳಗಿನ ಫಾಯಿಲ್ ಗಟ್ಟಿಯಾಗಿ ಅಂಟಿದೆಯೇ, ತಯಾರಿಸಿದ ತಿಂಗಳು ಮತ್ತು ಬ್ಯಾಚ್ ನಂಬರ್ ಅಳಿಸಿಲ್ಲವೇ ನೋಡಿ. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಬೇರೆ ಎಲ್ಲ ಅಂಗಡಿಗಿಂತ ಒಂದು ಕಡೆ ಮಾತ್ರ ಕಾಲುಭಾಗ ಬೆಲೆ ಕಮ್ಮಿಯೆಂದರೆ ಅಲ್ಲಿ ಕೊಳ್ಳಬೇಡಿ. ಫಿಲ್ಟರ್ ಕಂಪನಿಯದ್ದೇ ತನ್ನಿ, ಅಗ್ಗದ ಸಾಮಾನು ಅದು, ಅದರಲ್ಲಿ ಉಳಿಸಲು ಹೋಗುವುದು ದಂಡ. ಜೊತೆಗೆ ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಹೊಸ ವಾಷರ್, 17ರ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಫಿಲ್ಟರ್ ಬಿಚ್ಚುವ ಬೆಲ್ಟ್, ಐದು ಲೀಟರಾದರೂ ಹಿಡಿಯುವ ಅಗಲ ಟ್ರೇ, ಲಾಳಿಕೆ, ವೇಸ್ಟ್ ಬಟ್ಟೆ, ನೈಟ್ರೈಲ್ ಕೈಗವಸು. ಹಳೆಯ ಎಂಜಿನ್ ಆಯಿಲ್ ಚರ್ಮಕ್ಕೆ ಪದೇ ಪದೇ ತಗುಲಿದರೆ ಕ್ಯಾನ್ಸರಿಗೆ ದಾರಿಯಾಗಬಹುದು, ಕೈಗವಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಜಾಗದ ವಿಷಯಕ್ಕೆ ಬಂದರೆ, ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ, ಸಿಮೆಂಟಿನದು, ಹಾಗಾಗಿ ಎಲ್ಲರ ಕಣ್ಣೂ ಮೊದಲು ಅದರ ಮೇಲೇ ಬೀಳುತ್ತದೆ. ಅಲ್ಲಿ ಮಾತ್ರ ಬೇಡ. ಕಾಫಿ ಬೀಜ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಸಿಮೆಂಟಿಗೆ ಇಳಿದ ಆಯಿಲ್ ಕಲೆ ಬಿಸಿಲಿಗೆ ಮತ್ತೆ ವಾಸನೆ ಬಿಡುತ್ತದೆ, ಕೂಲಿ ಉಳಿಸಲು ಹೋಗಿ ಚೀಲದ ದರ ಕಳೆದುಕೊಂಡಂತಾದೀತು. ಕಾರ್ ಶೆಡ್ಡಿನ ಗಟ್ಟಿ ನೆಲ ಸಾಕು. ಹಳೆಯ ತೋಟಗಳಲ್ಲಿ ಜೀಪಿಗಾಗಿ ತೋಡಿಸಿದ ಗುಂಡಿ ಇರುವುದುಂಟು, ಅದಿದ್ದರೆ ಇನ್ನೂ ಸುಲಭ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಬೀಡಿ, ಬೆಂಕಿ, ಬಿಚ್ಚಿದ ವೈರಿನ ಬಲ್ಬು ಯಾವುದೂ ಅಲ್ಲಿಗೆ ಇಳಿಯಬಾರದು. ಎಂಜಿನ್ ಚಾಲೂ ಇರುವಾಗಲಂತೂ ಒಳಗೆ ಯಾರೂ ಇರಬಾರದು.

ಗುಂಡಿ ಇಲ್ಲದಿದ್ದರೆ ಮುಂದಿನ ಎರಡು ಚಕ್ರಗಳನ್ನು ಉಕ್ಕಿನ ರ‍್ಯಾಂಪಿಗೆ ಹತ್ತಿಸಿ, ಒಂದನೇ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಮರದ ಬೆಣೆ ಕೊಡಿ. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಇದಕ್ಕೆ ವಿನಾಯಿತಿಯೇ ಇಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜುಗಲ್ಲು ಇವುಗಳನ್ನು ಆಸರೆಗೆ ಇಡುವುದೂ ಅಷ್ಟೇ ಅಪಾಯ. ಭಾರ ಒಂದೇ ಕಡೆ ಬಿದ್ದರೆ ಅವು ಎಚ್ಚರಿಕೆ ಕೊಡದೆ ಸೀಳಿಹೋಗುತ್ತವೆ.

ಎಂಜಿನ್ ಐದಾರು ನಿಮಿಷ ಓಡಿಸಿ ಆರಿಸಿ. ಆಯಿಲ್ ಬೆಚ್ಚಗಿದ್ದರೆ ಕಸವನ್ನೂ ಹೊತ್ತುಕೊಂಡು ಬೇಗ ಇಳಿಯುತ್ತದೆ. ಘಾಟಿ ಹತ್ತಿ ಬಂದ ಕೂಡಲೇ ಬಿಚ್ಚಿದರೆ ಕೈ ಬೇಯುತ್ತದೆ. ಮೇಲಿನ ಮುಚ್ಚಳ ತೆಗೆದಿಡಿ, ಗಾಳಿ ಆಡಲಿ. ಮಲೆನಾಡಿನ ಕಾರುಗಳಿಗೆ ಹೊರಗೆ ಹಾಕಿಸಿದ ಸಂಪ್ ಗಾರ್ಡ್ (ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ಗೆ ಕಾವಲಿನ ತಗಡು) ಇರುವುದು ಹೆಚ್ಚು. ಅದರಲ್ಲಿ ಡ್ರೈನ್ ಬೋಲ್ಟಿಗೆ ನೇರವಾಗಿ ತೂತು ಇಲ್ಲದಿದ್ದರೆ ಗಾರ್ಡನ್ನೇ ಬಿಚ್ಚಬೇಕು, ಇಲ್ಲವಾದರೆ ಆಯಿಲ್ ಗಾರ್ಡಿನ ಮೇಲೆ ಹರಡಿ ವಾರಗಟ್ಟಲೆ ತೊಟ್ಟಿಕ್ಕುತ್ತದೆ. ಕೆಳಗಿನ ಬೋಲ್ಟ್ ಸಂಪ್‌ನದ್ದೋ ಗೇರ್‌ಬಾಕ್ಸಿನದ್ದೋ ಎಂದು ಎರಡು ಸಲ ನೋಡಿ. ಹೊಸಬರು ಗೇರ್ ಆಯಿಲ್ ಇಳಿಸಿ, ಎಂಜಿನ್‌ಗೆ ಹಳೆಯದರ ಮೇಲೇ ಇನ್ನೊಂದು ಮೂರು ಲೀಟರ್ ಸುರಿದು, ಎರಡನ್ನೂ ಹಾಳುಮಾಡಿಕೊಳ್ಳುವುದು ಅಪರೂಪವೇನಲ್ಲ.

ಬೋಲ್ಟನ್ನು ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ. ಬಾಯಿ ತೆರೆದ ಡಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಬೋಲ್ಟ್ ಗುಂಡಗಾಗುತ್ತದೆ. ಕೊನೆಯ ಸುತ್ತುಗಳನ್ನು ಬೆರಳಲ್ಲಿ, ಒಳಕ್ಕೆ ಒತ್ತಿಕೊಂಡೇ ತಿರುಗಿಸಿ ಥಟ್ಟನೆ ಸರಿಸಿದರೆ ಕೈಗೆ ಕಮ್ಮಿ ಬೀಳುತ್ತದೆ. ಮೊದಲ ಧಾರೆ ನೇರ ಕೆಳಗೆ ಬೀಳದೆ ಒಂದು ಗೇಣು ಮುಂದಕ್ಕೆ ಹಾರುತ್ತದೆ, ಟ್ರೇಯನ್ನು ಆ ಅಂದಾಜಿನಲ್ಲಿಡಿ. ಹದಿನೈದು ನಿಮಿಷ ಇಳಿಯಲು ಬಿಡಿ. ಅಷ್ಟರಲ್ಲಿ ಬೋಲ್ಟನ್ನು ಒರೆಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ನುಣುಪಾದ ಬೂದಿಬಣ್ಣದ ಲೇಪವಿದ್ದರೆ ಚಿಂತೆಯಿಲ್ಲ, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಬೇರಿಂಗ್ ಸವೆಯುತ್ತಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿ.

ಅತಿ ಹೆಚ್ಚು ಕೆಡುವುದು ಬೋಲ್ಟ್ ಮತ್ತೆ ಹಾಕುವಾಗ. ಹೊಸ ವಾಷರ್ ಹಾಕಿ, ಮೊದಲ ಮೂರ್ನಾಲ್ಕು ಸುತ್ತನ್ನು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಿಗಿಯೆನಿಸಿದರೆ ಥ್ರೆಡ್ ಅಡ್ಡ ಕೂತಿದೆ, ಹೊರತೆಗೆದು ಮತ್ತೆ ಹಾಕಿ. ಸುಜುಕಿ ಹೇಳುವ ಬಿಗಿತ 35 ನ್ಯೂಟನ್ ಮೀಟರ್. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ, 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 18 ಕಿಲೋ ಭಾರ ತೂಗುಬಿಟ್ಟಷ್ಟು ಅದು. ಒಂದು ಕೈಯ ಬಲ ಸಾಕು, ಸ್ಪ್ಯಾನರಿಗೆ ಪೈಪ್ ತೊಡಿಸುವುದು, ಕಾಲಿಂದ ಒದೆಯುವುದು ಬೇಡವೇ ಬೇಡ. ಸೋರುತ್ತದೆಂಬ ಭಯಕ್ಕೆ ಅತಿಯಾಗಿ ಬಿಗಿದು ಥ್ರೆಡ್ ಕಿತ್ತರೆ ಲೇತ್‌ನವರ ಹತ್ತಿರ ಹೊಸ ಥ್ರೆಡ್ ಕೂರಿಸಬೇಕು, ಇಲ್ಲವೇ ಸಂಪ್ ಬದಲಿಸಬೇಕು. ಹಳೆಯ ವಾಷರನ್ನೇ ಹಾಕಿ ಸೋರಿದಾಗ ಇನ್ನೂ ಬಿಗಿಯುತ್ತ ಹೋಗುವುದರಿಂದಲೇ ಬಹಳಷ್ಟು ಥ್ರೆಡ್‌ಗಳು ಹಾಳಾಗುವುದು.

ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ರಿಂಗ್ ಫಿಲ್ಟರಿನ ಜೊತೆಯಲ್ಲೇ ಬಂತೇ ಎಂದು ನೋಡಿ. ಎಷ್ಟೋ ಸಲ ಅದು ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ನಿಂತಲ್ಲಿ ಏನೂ ಗೊತ್ತಾಗುವುದಿಲ್ಲ, ಎಂಜಿನ್ ವೇಗ ಹಿಡಿದಾಗ ಒತ್ತಡಕ್ಕೆ ರಿಂಗ್ ಹೊರಜಾರಿ ಕೆಲವೇ ನಿಮಿಷದಲ್ಲಿ ಆಯಿಲ್ ಪೂರ್ತಿ ರಸ್ತೆ ಪಾಲಾಗುತ್ತದೆ. ಕೂರುವ ಜಾಗ ಒರೆಸಿ, ಹೊಸ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೆ.

ಕಾರನ್ನು ಇಳಿಸಿ ಸಮತಟ್ಟಿನಲ್ಲಿ ನಿಲ್ಲಿಸಬೇಕಲ್ಲ, ಖಾಲಿ ಎಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಆದ್ದರಿಂದ ರ‍್ಯಾಂಪಿನ ಮೇಲಿರುವಾಗಲೇ 2.8 ಲೀಟರ್ ಹಾಕಿಬಿಡಿ. ಹ್ಯಾಂಡ್‌ಬ್ರೇಕ್ ಹಾಗೇ ಇರಲಿ, ಗೇರನ್ನು ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ ಆಯಿಲ್ ದೀಪ ನೋಡುತ್ತಿರಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಆರದಿದ್ದರೆ ಎಂಜಿನ್ ನಿಲ್ಲಿಸಿ. ಆರಿದರೆ ಒಂದೆರಡು ನಿಮಿಷ ಹಾಗೇ ಓಡಲು ಬಿಟ್ಟು, ಪಕ್ಕದಿಂದ ಬಗ್ಗಿ ಬೋಲ್ಟ್, ಫಿಲ್ಟರ್ ಎರಡೂ ಕಡೆ ಟಾರ್ಚ್ ಹಾಕಿ ನೋಡಿ. ಆಮೇಲೆ ಇಳಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತ ಸ್ವಲ್ಪ ಸ್ವಲ್ಪವೇ ಸೇರಿಸಿ. ಮಟ್ಟ ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರಕ್ಕೆ ಬಂದರೆ ಸರಿ. ಅದನ್ನು ದಾಟಬಾರದು. ಹೆಚ್ಚಾದ ಆಯಿಲನ್ನು ಎಂಜಿನ್ ಒಳಗೆ ಸುತ್ತುವ ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ನೊರೆಗೆ ಒತ್ತಡ ಹುಟ್ಟುವುದಿಲ್ಲ, ಜೊತೆಗೆ ಪಿಸಿವಿ ಮೂಲಕ ಇನ್‌ಟೇಕ್‌ಗೆ ನುಗ್ಗಿ ನೀಲಿ ಹೊಗೆ ಬರುತ್ತದೆ. ಮೊದಲ ದಿನದ ಓಡಾಟದ ನಂತರ ಮತ್ತೊಮ್ಮೆ ಮಟ್ಟವನ್ನೂ ಸೋರಿಕೆಯನ್ನೂ ನೋಡಿ. ದಿನಾಂಕ, ಕಿಲೋಮೀಟರ್, ಗ್ರೇಡ್ ಬರೆದು ಬಿಲ್ಲುಗಳ ಜೊತೆ ಇಡಿ. ಕಾರು ಮಾರುವಾಗ ಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಮಾಡಿಸುವ ಸರದಿಯಲ್ಲಿ ನೀವೇ ಹತ್ತಿರ ನಿಲ್ಲಿ. ಸೀಲ್ ಕ್ಯಾನ್ ನಿಮ್ಮೆದುರು ಒಡೆಯಲಿ, ಖಾಲಿ ಕ್ಯಾನನ್ನು ಕೇಳಿ ತನ್ನಿ ಅಥವಾ ಅಲ್ಲೇ ಕುಯ್ದು ಹಾಕಲು ಹೇಳಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಬ್ಯಾರೆಲ್ಲಿನಿಂದ ಅಳೆದು ಹಾಕುವುದು ರೂಢಿ. ಅಲ್ಲಿ ಬಿಲ್ಲಿನಲ್ಲಿ ಎಷ್ಟು ಲೀಟರ್ ಬರೆದಿದೆ ನೋಡಿ, 3.1ರ ಜಾಗದಲ್ಲಿ 4 ಇದ್ದರೆ ಕಾರಣ ಕೇಳಿ. ಕೆಲವು ಕಡೆ ಡಿಪ್‌ಸ್ಟಿಕ್ ನಳಿಕೆಯಿಂದ ಹಳೆಯ ಆಯಿಲನ್ನು ಹೀರಿ ತೆಗೆಯುತ್ತಾರೆ. ತಳದ ಗಸಿ ಉಳಿಯುವುದರಿಂದ ನಿಮ್ಮ ಕಾರಿಗೆ ಕೆಳಗಿನಿಂದ ಇಳಿಸುವುದೇ ಮೇಲು. ಲಿಫ್ಟಿನಲ್ಲಿರುವಾಗ ಬ್ರೇಕ್ ಪ್ಯಾಡ್, ಹೋಸ್, ಆಕ್ಸಲ್ ಬೂಟ್ ನಿಮಗೇ ತೋರಿಸಲು ಹೇಳಿ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ಆಗಲೇ ಬದಲಿಸಿಬಿಡಿ. ಅದು ತೇವ ಹೀರಿಕೊಳ್ಳುವ ಪದಾರ್ಥ. ತೇವ ಸೇರಿದರೆ ಘಾಟಿ ಇಳಿಯುವಾಗಿನ ಬಿಸಿಗೆ ಕುದಿದು, ಪೆಡಲ್ ಮೆತ್ತಗಾಗಿ ತಳ ಸೇರುತ್ತದೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ವಾರಂಟಿಯಲ್ಲಿರುವ ಕಾರಿಗೆ ಮನೆಯ ಕೆಲಸ ಬೇಡ, ನಾಳೆ ಎಂಜಿನ್ ಕ್ಲೇಮ್ ಬಂದರೆ ದಾಖಲೆಯದೇ ತಕರಾರು. ಬಿಎಸ್6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ, ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು. ಕೆಲವಕ್ಕೆ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಲೆಕ್ಕವನ್ನು ಸೊನ್ನೆಗೆ ತರಬೇಕಾಗುತ್ತದೆ. ಫೋರ್ಡ್‌ನ ಹಲವು ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟ್ ಉದುರಿ, ಅದರ ಚೂರು ಪಂಪಿನ ಜಾಲರಿ ಕಟ್ಟಿ ಎಂಜಿನ್ನೇ ಹೋಗುತ್ತದೆ.

ಕೊನೆಗೆ ಉಳಿಯುವುದು ಟ್ರೇಯಲ್ಲಿರುವ ಮೂರು ಲೀಟರ್ ಕರಿ ಆಯಿಲ್. ಬೇಲಿ ಗೂಟಕ್ಕೆ ಬಳಿಯುವುದು, ಮರ ಕುಯ್ಯುವ ಮಿಷನ್ನಿನ ಚೈನಿಗೆ ಹಾಕುವುದು, ಗೆದ್ದಲಿಗೆಂದು ಸುರಿಯುವುದು ನಮ್ಮ ಕಡೆ ನಡೆದುಬಂದ ರೂಢಿ. ಆದರೆ ಅದರಲ್ಲಿರುವ ಲೋಹ ಮತ್ತು ಸುಟ್ಟ ರಾಸಾಯನಿಕ ಮಳೆಗೆ ತೊಳೆದು ಮಣ್ಣಿಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಸಕಲೇಶಪುರದ ಬಹಳಷ್ಟು ಹಳ್ಳಗಳ ನೀರು ಹೇಮಾವತಿಗೆ, ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ ಬೇಲೂರಿನ ಮೇಲೆ ಹರಿಯುವ ಯಗಚಿಯದ್ದೂ ಕೊನೆಗೆ ಹೇಮಾವತಿಗೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಸೇರಿಸಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೆ. ನೀವು ಅವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಯಾವುದಾದರೂ ಖಾಲಿ ಆಯಿಲ್ ಕ್ಯಾನಿಗೆ ಹಳೆಯದನ್ನು ತುಂಬಿ, ಮೇಲೆ ದೊಡ್ಡದಾಗಿ ಬರೆದು, ನೀರೋ ಸೀಮೆಎಣ್ಣೆಯೋ ಬೆರೆಸದೆ ಇಟ್ಟು, ಮೇ ತಿಂಗಳಲ್ಲಿ ಸರ್ವೀಸಿಗೆ ಹೋದಾಗ ಗ್ಯಾರೇಜಿನ ಬ್ಯಾರೆಲ್ಲಿಗೆ ಸುರಿದುಬನ್ನಿ. ಸುರಿಯುವ ಮೊದಲು ಆ ಬ್ಯಾರೆಲ್ ಯಾರಿಗೆ ಹೋಗುತ್ತದೆಂದು ಕೇಳಿಕೊಳ್ಳಿ. ಹಳೆಯ ಫಿಲ್ಟರಿನ ತಲೆಗೆ ಮೊಳೆಯಿಂದ ತೂತು ಹೊಡೆದು ಒಂದು ರಾತ್ರಿ ಕವುಚಿಟ್ಟರೆ ಒಳಗಿನ ಆಯಿಲೂ ಇಳಿಯುತ್ತದೆ, ಅದನ್ನೂ ಜೊತೆಗೆ ಒಯ್ಯಿರಿ. ನೆಲಕ್ಕೆ ಚೆಲ್ಲಿದ್ದಕ್ಕೆ ಮರದ ಹೊಟ್ಟು ಹಾಕಿ ಹೀರಿಸಿ, ಆ ಹೊಟ್ಟನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.